ಓದುಗರ ಪ್ರಶ್ನೆ: ಅಗರ್ ತಟ್ಟೆಗೆ ಒಗ್ಗದ ಕಡಲ ಜೀವಿಗಳು

ಪ್ರಶ್ನೆ: ಕಾರವಾರದಿಂದ ಬಾಟಲಿಯಲ್ಲಿ ತಂದ ಸಮುದ್ರದ ನೀರನ್ನು ಎರಡು ದಿನದ ಮೇಲೆ ನಮ್ಮ ಲ್ಯಾಬಿನಲ್ಲಿ ನ್ಯೂಟ್ರಿಯೆಂಟ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕಾಂಶದ ಜೆಲ್ಲಿ) ಮೇಲೆ 0.1 ಮಿ.ಲೀ. ಹರಡಿದೆವು. ಬಂದದ್ದು 42 ಕಾಲೊನಿ (ಬ್ಯಾಕ್ಟೀರಿಯಾ ಗುಂಪು). ಪುಸ್ತಕದಲ್ಲಿ ಮಿ.ಲೀ.ಗೆ ಸುಮಾರು 10 ಲಕ್ಷ ಬ್ಯಾಕ್ಟೀರಿಯಾ ಎಂದಿದೆ. ಉಳಿದವು ಎಲ್ಲಿ ಹೋದವು?
– ಬಿ.ಎಸ್ಸಿ. ವಿದ್ಯಾರ್ಥಿನಿ, ಸೇಡಂ

ಉತ್ತರ: ನಿಮ್ಮ ಲೆಕ್ಕಕ್ಕೆ ಮಿ.ಲೀ.ಗೆ 420 ಆಯಿತು. ಪುಸ್ತಕದ ಅಂಕಿಯೂ ಸರಿಯೇ. ಕಡಲ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ಒಂದು ಅಗರ್ ಮೇಲೆ ಬೆಳೆದರೆ ಹೆಚ್ಚು. ಮೇಲ್ಪದರದ ನೀರಿನಲ್ಲಿ ಸುಮಾರು ಕಾಲು ಪಾಲು ಇರುವ ಸಾರ್-11 ಗುಂಪು ಅರೆಹೊಟ್ಟೆಯ ಬದುಕಿಗೆ ಒಗ್ಗಿಕೊಂಡದ್ದು. ಪೆಪ್ಟೋನ್ (ಅರೆಜೀರ್ಣಗೊಂಡ ಪ್ರೋಟೀನ್) ತುಂಬಿದ ತಟ್ಟೆ ಅದಕ್ಕೆ ಆಗದು. 2002ರಲ್ಲಿ ಅದನ್ನು ಬೆಳೆಸಿ ತೋರಿಸಿದ್ದು ಅಗರ್ ಇಲ್ಲದೆ, ಶುದ್ಧಗೊಳಿಸಿದ ಸಮುದ್ರದ ನೀರಿನಲ್ಲೇ.

ನಿಮ್ಮ ಕಡೆಯಿಂದಲೂ ಎರಡು ತಪ್ಪಾಗಿವೆ. ಮುಚ್ಚಿದ ಬಾಟಲಿಯಲ್ಲಿ ಒಂದೇ ದಿನಕ್ಕೆ ಬೇಗ ಬೆಳೆಯುವ ಕೆಲವು ಜಾತಿಗಳು ಮೇಲುಗೈ ಪಡೆಯುತ್ತವೆ. ನೀವು ಎಣಿಸಿದ್ದು ಕಡಲನ್ನಲ್ಲ, ಬಾಟಲಿಯನ್ನು. ಇನ್ನೊಂದು ಉಪ್ಪಿನ ಕೊರತೆ. ಕಡಲ ಬ್ಯಾಕ್ಟೀರಿಯಾಗಳಿಗೆ ಸೋಡಿಯಂ ಬೇಕೇ ಬೇಕು, ಆದ್ದರಿಂದ ಸಮುದ್ರದ ಉಪ್ಪಿರುವ ಝೋಬೆಲ್ ಮರೀನ್ ಅಗರ್ ಬಳಸಿ. ಡೈಲ್ಯೂಷನ್‌ಗೆ ಡಿಸ್ಟಿಲ್ಡ್ ವಾಟರ್ ಬೇಡ, ಜೀವಕೋಶ ಒಡೆಯುತ್ತವೆ. ಸ್ಟೆರೈಲ್ ಸಮುದ್ರದ ನೀರೇ ಆಗಬೇಕು. 25ರಿಂದ 28 ಡಿಗ್ರಿಯಲ್ಲಿ ಒಂದು ವಾರವಾದರೂ ಇಡಿ. ನಮ್ಮ ಭಾಗದ ಬೇಸಿಗೆಯಲ್ಲಿ ಹೊರಗಿಟ್ಟರೆ ತಟ್ಟೆ ಒಣಗಿ ಬಿರಿಯುತ್ತದೆ.

ನಿಜವಾದ ಎಣಿಕೆ ಬೇಕಿದ್ದರೆ ದಡದಲ್ಲೇ 100 ಮಿ.ಲೀ. ನೀರಿಗೆ 5 ಮಿ.ಲೀ. ಫಾರ್ಮಲಿನ್ ಬೆರೆಸಿ (ಗ್ಲೌಸ್ ಹಾಕಿಕೊಂಡೇ), ಐಸಿನಲ್ಲಿ, ಬೆಳಕು ತಾಗದಂತೆ ತನ್ನಿ. 1–2 ಮಿ.ಲೀ.ಗೆ ಡಾಪಿ ಬಣ್ಣ (ಡಿಎನ್ಎಗೆ ಅಂಟಿ ನೀಲಿಯಾಗಿ ಹೊಳೆಯುವಂಥದ್ದು) ಹಾಕಿ, 0.2 ಮೈಕ್ರಾನ್‌ನ ಕಪ್ಪು ಪಾಲಿಕಾರ್ಬೊನೇಟ್ ಫಿಲ್ಟರಿನಲ್ಲಿ ಸೋಸಿ, ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಿ. ಕತ್ತಲಲ್ಲಿ ನೀಲಿ ಚುಕ್ಕೆಗಳು ಕಿಕ್ಕಿರಿದಿರುತ್ತವೆ. ಫಿಲ್ಟರ್ ಬಿಳಿಯದಾದರೆ ಅದರ ಹೊಳಪಿನಲ್ಲೇ ಚುಕ್ಕೆಗಳು ಮುಳುಗಿಹೋಗುತ್ತವೆ.

ಪ್ರಶ್ನೆ: ಗೊಬ್ಬರವಿಲ್ಲದೆ ಹೊಲ ಬೆಳೆಯದು. ಸಮುದ್ರಕ್ಕೆ ಗೊಬ್ಬರ ಹಾಕುವವರು ಯಾರು?
– ರೈತರು, ಯಾದಗಿರಿ

ಉತ್ತರ: ಮೇಲಿನ ಉತ್ತರದ ಇದೇ ನೀಲಿ ಚುಕ್ಕೆಗಳು, ಅಂದರೆ ಕಡಲ ಬ್ಯಾಕ್ಟೀರಿಯಾಗಳು. ಸತ್ತದ್ದನ್ನು, ಸೋರಿದ್ದನ್ನು ತಿಂದು ಸಾರಜನಕ, ರಂಜಕಗಳನ್ನು ಮತ್ತೆ ನೀರಿಗೆ ಬಿಡುತ್ತವೆ. ವೈರಸ್‌ಗಳು ಬ್ಯಾಕ್ಟೀರಿಯಾಗಳನ್ನು ಒಡೆದು ಅದೇ ಕೆಲಸಕ್ಕೆ ನೆರವಾಗುತ್ತವೆ. ನಿಮ್ಮ ತೊಗರಿಯ ಬೇರುಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಇದೆಯಲ್ಲ, ಅರಬ್ಬಿ ಸಮುದ್ರದಲ್ಲಿ ಆ ಕೆಲಸ ಟ್ರೈಕೊಡೆಸ್ಮಿಯಂ ಎಂಬ ನೀಲಿ-ಹಸಿರು ಬ್ಯಾಕ್ಟೀರಿಯಾದ್ದು. ಮುಂಗಾರಿಗೆ ಮುಂಚಿನ ಶಾಂತ ನೀರಿನ ಮೇಲೆ ಕಟ್ಟಿಗೆಯ ಹೊಟ್ಟಿನಂತೆ ತೇಲುತ್ತದೆ. ಮುಂಗಾರಿನ ಗಾಳಿ ಬೀಸಿದಾಗ ಆಳದಲ್ಲಿ ಕೂಡಿದ್ದ ಪೋಷಕಾಂಶವೂ ಮೇಲೆ ಬರುತ್ತದೆ. ಖರ್ಚೂ ಇದೆ: ಅದೇ ಸಮುದ್ರದ ಸುಮಾರು 150ರಿಂದ 1000 ಮೀಟರ್ ಆಳದಲ್ಲಿ ಆಮ್ಲಜನಕ ತೀರಾ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಒಡೆದು ಸಾರಜನಕವನ್ನು ಮತ್ತೆ ಗಾಳಿಗೇ ಬಿಟ್ಟುಬಿಡುತ್ತವೆ.