ಹಳೇ ಕಾರು ಎಡಕ್ಕೆ ಎಳೆಯುತ್ತಿದೆ, ಬೆಂಗಳೂರಲ್ಲಿ ಒಳ್ಳೆ ಅಲೈನ್‌ಮೆಂಟ್ ಮೆಷಿನ್ ಎಲ್ಲಿದೆ?

ಮೂರು ಸಲ ಅಲೈನ್‌ಮೆಂಟ್ (ಚಕ್ರಗಳ ಕೋನ ಅಳೆದು ಸರಿಮಾಡೋ ಕೆಲಸ) ಮಾಡಿಸಿದರೂ ನಿಮ್ಮ 2008ರ ಗಾಡಿ ಎಡಕ್ಕೇ ಎಳೆಯುತ್ತಿದೆ, ಒಳ್ಳೆ 3ಡಿ ಮೆಷಿನ್ ಇರುವ ಅಂಗಡಿ ಹೇಳಿ ಅಂತ ಕೇಳಿದ್ದೀರಿ. ಮೆಷಿನ್ ಹುಡುಕೋದು ಬಿಡಿ. ನಾನೂ ಅದನ್ನೇ ಹುಡುಕಿ ಅಲೆದು ಎರಡು ಹೊಸ ಟೈರು ಕಳೆದುಕೊಂಡವನು.

ನನ್ನದು 2005ರ ಸ್ಯಾಂಟ್ರೋ ಝಿಂಗ್. ಮನೆ ಬಸವೇಶ್ವರನಗರ, ಕೆಲಸ ಪೀಣ್ಯ, ತಿಂಗಳಿಗೆ ಎರಡು ಸಲ ತಿಪಟೂರಿಗೆ ಹೋಗಿಬರುತ್ತೇನೆ. ಗಾಡಿಗೆ ಹದಿಮೂರು ವರ್ಷ ಆದಾಗ ಮುಂದಿನ ಎರಡು ಟೈರು ಹೊಸದು ಹಾಕಿಸಿದೆ. ಜೊತೆಗೆ ಅಲೈನ್‌ಮೆಂಟ್. ಅಂಗಡಿಯ ಹುಡುಗ ಗಾಡಿ ಕೆಳಗೆ ಹೋಗಿ, ಲಿವರ್ ಹಾಕಿ ಮೀಟಿ ನೋಡಿ ಬಂದು ಹೇಳಿದ: "ಸರ್, ಎಡಗಡೆ ಲೋವರ್ ಆರ್ಮ್ ಬುಷ್ ಹೋಗಿದೆ. ಟೈ ರಾಡ್ ಎಂಡಲ್ಲೂ ಪ್ಲೇ ಇದೆ. ಮೊದ್ಲು ಅದನ್ನ ಮಾಡಿಸ್ಕೊಂಡು ಬನ್ನಿ." ಲೋವರ್ ಆರ್ಮ್ ಅಂದರೆ ಚಕ್ರವನ್ನು ಕೆಳಗಿಂದ ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳು, ಬುಷ್ ಅಂದರೆ ಅದರ ಬುಡದಲ್ಲಿರುವ ರಬ್ಬರ್. ಟೈ ರಾಡ್ ಅಂದರೆ ಸ್ಟೀರಿಂಗ್ ಕಡೆಯಿಂದ ಬಂದು ಚಕ್ರ ತಿರುಗಿಸೋ ಸರಳು. ಪ್ಲೇ ಅಂದರೆ ಸಡಿಲ.

ಟೈರಿಗೆ ಆಗಲೇ ಆರು ಸಾವಿರದ ಮೇಲೆ ಕೊಟ್ಟಿದ್ದೆ. ಇನ್ನೊಂದು ಖರ್ಚು ತಲೆಗೆ ಕಟ್ಟುತ್ತಿದ್ದಾನೆ ಅಂತ ಅನಿಸಿತು. "ಪರವಾಗಿಲ್ಲ, ನೀನು ಅಲೈನ್‌ಮೆಂಟ್ ಮಾಡು ಸಾಕು" ಅಂದುಬಿಟ್ಟೆ. ಅವನು ಮಾಡಿದ. ಪರದೆ ಮೇಲೆ ಎಲ್ಲ ಅಂಕಿಯೂ ಹಸಿರು. ಪ್ರಿಂಟ್ ಕೂಡ ಕೊಟ್ಟ.

ಆ 'ಪರವಾಗಿಲ್ಲ' ಏನು ಮಾಡಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಿಮಗೆ ಮೂರು ಸಲ ಆಗಿರೋದೂ ಇದೇ ಇರಬಹುದು. ಮೆಷಿನ್ ಅಳೆಯುವುದು ನಿಂತ ಗಾಡಿಯನ್ನು. ಬ್ರೇಕ್ ಇಲ್ಲ, ಗುಂಡಿ ಇಲ್ಲ. ಆಗ ಸವೆದ ಬುಷ್ ಕೂಡ ಒಂದು ಕಡೆ ಸುಮ್ನೆ ಕೂತಿರುತ್ತದೆ, ಅಂಕಿ ಸರಿಯಾಗಿಯೇ ಬರುತ್ತದೆ. ರೋಡಿಗೆ ಬಂದು ಬ್ರೇಕ್ ಒತ್ತಿದ ತಕ್ಷಣ ಆ ಚಕ್ರ ಆರ್ಮ್ ಸಮೇತ ಹಿಂದಕ್ಕೆ ಜಗ್ಗುತ್ತದೆ. ಟೈ ರಾಡ್ ಮಾತ್ರ ಇದ್ದಲ್ಲೇ ಹಿಡಿದುಕೊಂಡಿರುತ್ತದೆ. ಹಾಗಾಗಿ ಚಕ್ರ ತಿರುಗಿ ಓರೆಯಾಗುತ್ತದೆ. ಕಾಲು ತೆಗೆದರೆ ಮತ್ತೆ ವಾಪಸ್. ಗೊರಗುಂಟೆಪಾಳ್ಯದ ಸಿಗ್ನಲ್ ದಾಟುವಷ್ಟರಲ್ಲಿ ಇದು ಎಷ್ಟು ಸಲ ಆಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಓರೆ ಅಂದರೆ ಕಣ್ಣಿಗೆ ಕಾಣುವಷ್ಟೇನೂ ಅಲ್ಲ. ನನ್ನ ಟೈರಿನ ಅಡ್ಡಳತೆ ಸುಮಾರು 55 ಸೆಂ.ಮೀ. ಅದರ ಮುಂದಿನ ತುದಿ ಹಿಂದಿನ ತುದಿಗಿಂತ ಬರೀ 3 ಮಿ.ಮೀ. ಪಕ್ಕಕ್ಕೆ ಸರಿದಿದ್ದರೆ ಸಾಕು, 1 ಕಿ.ಮೀ. ಓಡುವಷ್ಟರಲ್ಲಿ ಟೈರು 5 ಮೀಟರಿನಷ್ಟು ಅಡ್ಡಡ್ಡ ಉಜ್ಜಿಕೊಂಡಿರುತ್ತದೆ. ಅಕ್ಕಿ ಹಿಟ್ಟಿನ ಗಿರಣಿ ಥರ ರಬ್ಬರ್ ಅರೆಯುತ್ತಿರುತ್ತದೆ.

ಗಾಡಿ ಎಳೆಯುತ್ತಲೇ ಇತ್ತು. ದೊಡ್ಡ ಮೆಷಿನ್ ಇರುವ ಬೇರೆ ಎರಡು ಕಡೆ ಮತ್ತೆ ಅಲೈನ್‌ಮೆಂಟ್ ಮಾಡಿಸಿದೆ. ಏಳು ತಿಂಗಳಾಯಿತು, 7,500 ಕಿ.ಮೀ. ಓಡಿತ್ತು. ಒಂದು ಭಾನುವಾರ ಸಂಜೆ ಅಮ್ಮನನ್ನು ಕೂರಿಸಿಕೊಂಡು ಬೆಂಗಳೂರಿಗೆ ಬರುವಾಗ ದಾಬಸ್‌ಪೇಟೆ ಹತ್ತಿರ ಎಡ ಟೈರು ಪಂಕ್ಚರ್. ಪಂಕ್ಚರ್ ಅಂಗಡಿಯವರು ಚಕ್ರ ಬಿಚ್ಚಿ, ಮಗುಚಿ, ಏನೂ ಮಾತಾಡದೆ ನನ್ನ ಕೈ ಹಿಡಿದು ಒಳಗಿನ ಅಂಚಿನ ಮೇಲೆ ಇಟ್ಟರು. ಹೊರಗಡೆ ಹೊಸ ಟೈರಿನ ಗೀರು ಹಾಗೇ ಇದೆ. ಒಳಗಡೆ ಎರಡು ಬೆರಳಗಲ ನುಣ್ಣಗೆ ಬೋಳಾಗಿ, ಒಂದು ಕಡೆ ತಂತಿ ಎದ್ದು ಬೆರಳಿಗೆ ಚುಚ್ಚಿತು. ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಆ ಟೈರಲ್ಲಿ ನಾನು ಅವರನ್ನು ಕೂರಿಸಿಕೊಂಡು ಗಂಟೆಗೆ 80ರಲ್ಲಿ ಬಂದಿದ್ದೆ.

ಆಮೇಲೆ ಕಾಮಾಕ್ಷಿಪಾಳ್ಯದ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಅವರ ಹತ್ತಿರ ಅಲೈನ್‌ಮೆಂಟ್ ಮೆಷಿನ್ನೇ ಇಲ್ಲ. ಜ್ಯಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು, ಅದು ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಕಡೆಗೆ ಸೇರುವ ಗುಂಡು ಕೀಲು), ಬೇರಿಂಗ್ ನೋಡೋಕೆ. ಆಮೇಲೆ ಎಡ ಬಲ ಹಿಡಿದು ಅಲ್ಲಾಡಿಸಿದರು, ಅದು ಟೈ ರಾಡ್‌ಗೆ. ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿಂದ ಎರಡು ಲೋವರ್ ಆರ್ಮ್, ಟೈ ರಾಡ್ ಎಂಡ್ ತಂದುಕೊಟ್ಟೆ. ಆರ್ಮ್ ಬೋಲ್ಟನ್ನು ಅವರು ಗಾಡಿ ನೆಲಕ್ಕೆ ಇಳಿಸಿದ ಮೇಲೆಯೇ ಪೂರ್ತಿ ಟೈಟ್ ಮಾಡಿದ್ದು. ಚಕ್ರ ಜೋತಾಡುವಾಗಲೇ ಬಿಗಿದರೆ ಹೊಸ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಇದು ಗೊತ್ತಿರುವವರ ಕೈಗೆ ಗಾಡಿ ಕೊಡಿ.

ಇದೆಲ್ಲ ಆದ ಮೇಲೆ, ನಮ್ಮ ಏರಿಯಾದ ಸಾಧಾರಣ ಅಂಗಡಿಯಲ್ಲೇ ಅಲೈನ್‌ಮೆಂಟ್ ಮಾಡಿಸಿದೆ. ಅವತ್ತಿಂದ ಸ್ಟೀರಿಂಗ್ ನೆಟ್ಟಗಿದೆ.

ಈಗ ನಿಮ್ಮ ಗಾಡಿ ವಿಷಯ. ಮೊದಲು ಗಾಳಿ ಸರಿ ಇದೆಯಾ ನೋಡಿ, ಮುಂದಿನ ಎರಡು ಟೈರು ಅದಲು ಬದಲು ಮಾಡಿ. ಎಳೆತ ಬಲಕ್ಕೆ ಬಂದರೆ ತೊಂದರೆ ಟೈರಿನದೇ. ಸ್ವಲ್ಪ ದೂರ ಓಡಿಸಿ ಇಳಿದು ಎರಡೂ ರಿಮ್ ಹತ್ತಿರ ಕೈ ಒಡ್ಡಿ ನೋಡಿ, ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದಿದೆ. ಅಂದಹಾಗೆ ನಮ್ಮ ರೋಡುಗಳು ನೀರು ಹೋಗಲಿ ಅಂತ ಅಂಚಿಗೆ ಇಳಿಜಾರಾಗಿರುತ್ತವೆ, ಕೈ ಬಿಟ್ಟರೆ ನಿಧಾನಕ್ಕೆ ಎಡಕ್ಕೆ ಸರಿಯೋದು ರೋಗ ಅಲ್ಲ.

ಟೈರೂ ಅಲ್ಲ, ಬ್ರೇಕೂ ಅಲ್ಲ ಅಂದರೆ ಮೊದಲು ಪ್ಲೇ ತೆಗೆಸಿ, ಆಮೇಲೆ ಅಲೈನ್‌ಮೆಂಟ್. ಅಲ್ಲಿ ಎದುರಲ್ಲೇ ನಿಂತುಕೊಳ್ಳಿ. ಇಂಥ ಸಣ್ಣ ಗಾಡಿಗಳಲ್ಲಿ ಮುಂದೆ ತಿರುಗಿಸಿ ಸರಿಮಾಡೋಕೆ ಇರೋದು ಸಾಮಾನ್ಯವಾಗಿ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಓರೆ) ಒಂದೇ. ಕ್ಯಾಂಬರ್ (ಎದುರಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರೋದು) ಔಟ್ ಇದ್ದರೆ ಏನೋ ಬಗ್ಗಿದೆ ಅಥವಾ ಸವೆದಿದೆ. ಜ್ಯಾಕ್ ಕೊಟ್ಟು ಒತ್ತಿ "ಕ್ಯಾಂಬರ್ ಸೆಟ್ ಮಾಡ್ತೀವಿ" ಅಂದರೆ ದಯವಿಟ್ಟು ಒಪ್ಪಬೇಡಿ. ಇನ್ನೊಂದು, ಹಳೇ ಗಾಡಿಯಲ್ಲಿ ಟೈ ರಾಡ್ ನಟ್ ತುಕ್ಕು ಹಿಡಿದು ಒಂದು ಕಡೆ ತಿರುಗೋದೇ ಇಲ್ಲ. ಆಗ ಕೆಲವರು ಇನ್ನೊಂದು ಕಡೆ ಮಾತ್ರ ತಿರುಗಿಸಿ, ಸೊಟ್ಟಗಾದ ಸ್ಟೀರಿಂಗನ್ನು ಕಿತ್ತು ನೆಟ್ಟಗೆ ಕೂರಿಸಿಬಿಡುತ್ತಾರೆ. ನೋಡೋಕೆ ಚೆಂದ, ಆದರೆ ಗಾಡಿ ಒಂದು ಕಡೆಗೆ ಜಾಸ್ತಿ, ಇನ್ನೊಂದು ಕಡೆಗೆ ಕಮ್ಮಿ ತಿರುಗುತ್ತದೆ. ಹಿಂದಿನ ದಿನವೇ ಆ ಎರಡು ನಟ್ಟಿಗೂ ತುಕ್ಕು ಬಿಡಿಸೋ ಎಣ್ಣೆ ಹೊಡೆಸಿ ಇಟ್ಟುಕೊಂಡು ಹೋಗಿ.