ಮನೆ ಹಿಂದಿನ ಕಾಡಲ್ಲಿ ಒಬ್ಬಳೇ ವಾಕಿಂಗ್ ಹೋಗಬಹುದಾ?

ಪ್ರಶ್ನೆ: ಮಗಳ ಬಾಣಂತನಕ್ಕೆ ಮೇ ತಿಂಗಳಲ್ಲಿ ಅಮೆರಿಕಕ್ಕೆ ಹೊರಟಿದ್ದೇನೆ. ಟೆಕ್ಸಾಸ್‌ನ ದಿ ವುಡ್‌ಲ್ಯಾಂಡ್ಸ್ ಅವಳ ಊರು. ಮನೆ ಹಿಂದೆಯೇ ಕಾಡಂತೆ, ಅದರೊಳಗೆ ವಾಕಿಂಗ್ ದಾರಿಯಂತೆ. ನನಗೆ 62. ಒಬ್ಬಳೇ ಹೋಗಬಹುದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಧಾರಾಳವಾಗಿ ಹೋಗಿ ಅಮ್ಮ. ಜಾರ್ಜ್ ಮಿಚೆಲ್ ಎಂಬ ಉದ್ಯಮಿ ಹ್ಯೂಸ್ಟನ್‌ನ ಉತ್ತರಕ್ಕೆ, ಪೈನ್ ಕಾಡಿನ ನಡುವೆ, ಮರಗಳನ್ನು ಆದಷ್ಟು ಉಳಿಸಿಕೊಂಡೇ ಮನೆಗಳು ಬರಬೇಕು ಅಂತ ಹಟ ಹಿಡಿದು ಕಟ್ಟಿಸಿದ ಊರು ಅದು. ಶುರುವಾಗಿದ್ದು 1974ರಲ್ಲಿ. ಈಗ ಅಲ್ಲಿ 300 ಕಿಲೋಮೀಟರಿಗೂ ಜಾಸ್ತಿ ಕಾಲುದಾರಿಗಳಿವೆ. ನಮ್ಮ ಹೊಸ ಬಡಾವಣೆಗಳಲ್ಲೂ ಹೀಗೆ ಮರ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ವಿಪರೀತ ಸೆಕೆ. ಬೆಳಿಗ್ಗೆ ಬೇಗ ಹೋಗಿ ಬಂದುಬಿಡಿ, ನೀರು ಜೊತೆಗಿರಲಿ.

ದಾರಿ ಬಿಟ್ಟು ಪೊದೆಗೆ ಮಾತ್ರ ಇಳಿಯಬೇಡಿ. ಪಾಯ್ಸನ್ ಐವಿ ಅಂತ ಒಂದು ಬಳ್ಳಿ ಇದೆ, ಬಿಲ್ವಪತ್ರೆಯ ಹಾಗೆ ಮೂರು ಮೂರು ಎಲೆ, ನಡುವಿನ ಎಲೆಯ ತೊಟ್ಟು ಉದ್ದ. ತಾಗಿದರೆ ಗುಳ್ಳೆ ಎದ್ದು ವಾರಗಟ್ಟಲೆ ತುರಿಕೆ, ಹಾಗಾಗಿ ತಾಗಿತು ಅನ್ನಿಸಿದ ಕೂಡಲೇ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಮಗುವನ್ನು ಆಮೇಲೆ ಎತ್ತಿಕೊಳ್ಳಿ, ಅದರ ಅಂಟು ಬಟ್ಟೆಯಿಂದಲೂ ಹತ್ತುತ್ತದೆ. ಒಣಗಿದ ಎಲೆ ಬಣ್ಣದ ಕಾಪರ್‌ಹೆಡ್ ಎಂಬ ವಿಷದ ಹಾವೂ ಇದೆ. ಚಪ್ಪಲಿ ಬೇಡ, ಶೂ ಹಾಕಿ.

ಹಿಂದಿನಿಂದ ಯಾರಾದರೂ ‘ಆನ್ ಯುವರ್ ಲೆಫ್ಟ್’ ಅಂದರೆ ಗಾಬರಿ ಬೀಳಬೇಡಿ, ಸೈಕಲ್‌ನವರು ಎಡಗಡೆಯಿಂದ ಮುಂದೆ ಹೋಗ್ತಾರೆ ಅಂತ. ನೀವು ಬಲಕ್ಕೆ ಸರಿದರೆ ಸಾಕು.