ಏಐಒ ರೀಡ್: ಮೊದಲು ಲಿಂಕ್ ಆಗದು, ಆದಮೇಲೂ ಬಫರ್ ಖಾಲಿ

ಪ್ರಶ್ನೆ: ಉಬುಂಟು 20.04ರಲ್ಲಿ ‘ಏಐಒ_ರೀಡ್’ (ಕಾಯದೆ, ಹಿನ್ನೆಲೆಯಲ್ಲಿ ಫೈಲ್ ಓದಿಸುವ ಫಂಕ್ಷನ್) ಬಳಸಿ ಸಿ ಪ್ರೋಗ್ರಾಂ ಬರೆದೆ. ಕಂಪೈಲ್ ಮಾಡುವಾಗ ‘-ಎಲ್‌ಆರ್‌ಟಿ’ (ಆ ಫಂಕ್ಷನ್ ಇರುವ ಲೈಬ್ರರಿಯನ್ನು ಜೋಡಿಸುವ ಆಯ್ಕೆ) ಕೊಟ್ಟರೂ ‘ಅನ್‌ಡಿಫೈನ್ಡ್ ರೆಫರೆನ್ಸ್’ ದೋಷ ಬರುತ್ತಿದೆ. ಸ್ನೇಹಿತರ ಹೊಸ ಯಂತ್ರದಲ್ಲಿ ಲಿಂಕ್ ಆಯಿತು, ಆದರೆ ಬಫರ್ (ಓದಿದ ದತ್ತಾಂಶ ಬಂದು ಸೇರುವ ಮೆಮೊರಿ ಜಾಗ) ಖಾಲಿ. ಏಕೆ?

ಉತ್ತರ: ‘-ಎಲ್‌ಆರ್‌ಟಿ’ಯನ್ನು ಸೋರ್ಸ್ ಫೈಲಿನ ಹೆಸರಿನ ಮುಂಚೆ ಕೊಟ್ಟಿರುತ್ತೀರಿ. ಲಿಂಕರ್ (ಕೋಡನ್ನು ಲೈಬ್ರರಿಯೊಡನೆ ಜೋಡಿಸುವ ಸಾಧನ) ಎಡದಿಂದ ಬಲಕ್ಕೆ ಓದುತ್ತದೆ. ಆಗಿನ್ನೂ ಯಾರಿಗೂ ಬೇಡದ ಲೈಬ್ರರಿಯನ್ನು ಬಿಟ್ಟುಬಿಡುತ್ತದೆ. ಸಾಲಿನ ಕೊನೆಯಲ್ಲಿ ಕೊಡಿ. ಜಿಲಿಬ್‌ಸಿ (ಲಿನಕ್ಸ್‌ನ ಮುಖ್ಯ ಸಿ ಲೈಬ್ರರಿ) 2.34ರಿಂದ ಈ ಫಂಕ್ಷನ್‌ಗಳು ಮುಖ್ಯ ಲೈಬ್ರರಿಯಲ್ಲೇ ಇರುವುದರಿಂದ ಹೊಸ ಯಂತ್ರದಲ್ಲಿ ತೊಂದರೆಯಾಗಲಿಲ್ಲ.

ಬಫರ್ ಖಾಲಿಯಿರುವುದೇ ನಿಜವಾದ ಪಾಠ. ‘ಏಐಒ_ರೀಡ್’ 0 ಕೊಟ್ಟರೆ ಓದು ಮುಗಿಯಿತೆಂದಲ್ಲ, ಕೋರಿಕೆ ಸರದಿಗೆ ಸೇರಿತು ಎಂದಷ್ಟೇ. ‘ಏಐಒ_ಎರರ್’ ‘ಇ-ಇನ್‌ಪ್ರೋಗ್ರೆಸ್’ (ಓದು ಇನ್ನೂ ನಡೆಯುತ್ತಿದೆ) ಎನ್ನುತ್ತಿರುವಷ್ಟು ಕಾಲ ಬಫರನ್ನು ಮುಟ್ಟಬೇಡಿ. ಖಾಲಿ ಲೂಪ್ ಸುತ್ತಿಸಿದರೆ ಸಿಪಿಯು ವ್ಯರ್ಥ. ಲೂಪಿನೊಳಗೆ ‘ಏಐಒ_ಸಸ್ಪೆಂಡ್’ ಕರೆದು ಕಾಯಿರಿ. ಸಿಗ್ನಲ್ ಬಂದರೆ ಅದು ಮಧ್ಯದಲ್ಲೇ ಮರಳಬಹುದು, ಹಾಗಾಗಿ ಲೂಪ್ ಬೇಕೇ ಬೇಕು. ಮುಗಿದ ಮೇಲೆ ‘ಏಐಒ_ರಿಟರ್ನ್’ ಒಂದೇ ಸಲ ಕರೆಯಿರಿ: ಓದಿದ ಬೈಟ್‌ಗಳ ಸಂಖ್ಯೆ ಸಿಗುತ್ತದೆ, 0 ಎಂದರೆ ಫೈಲ್ ಮುಗಿದಿದೆ.

ಓದಿನ ಕೋರಿಕೆಯ ವಿವರ ಹೊತ್ತ ‘ಏಐಒಸಿಬಿ’ ಸ್ಟ್ರಕ್ಚರನ್ನು ತುಂಬುವ ಮೊದಲು ‘ಮೆಮ್‌ಸೆಟ್’ನಿಂದ ಸೊನ್ನೆ ಮಾಡಿ. ಓದು ಮುಗಿಯುವವರೆಗೆ ಅದೂ ಬಫರೂ ಜೀವಂತವಾಗಿರಬೇಕು. ಲೋಕಲ್ ವೇರಿಯಬಲ್ ಆಗಿಟ್ಟು ಫಂಕ್ಷನ್‌ನಿಂದ ಹೊರಬಂದರೆ ಮೆಮೊರಿ ಕೆಡುತ್ತದೆ, ಈ ದೋಷ ಹುಡುಕುವುದು ಬಹಳ ಕಷ್ಟ. ಮುಂದಿನ ತುಂಡಿಗೆ ‘ಏಐಒ_ಆಫ್‌ಸೆಟ್’ (ಫೈಲಿನಲ್ಲಿ ಓದು ಶುರುವಾಗುವ ಸ್ಥಾನ) ಅನ್ನು ನೀವೇ ಹೆಚ್ಚಿಸಬೇಕು, ಇಲ್ಲವಾದರೆ ಮೊದಲ ತುಂಡೇ ಮತ್ತೆ ಮತ್ತೆ ಬರುತ್ತದೆ.